ಗಂಟಲು ನೋವು: ಐದು ನಿಮಿಷದ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ?

ಮಳೆ ಹಿಡಿದು, ಶಾಲೆ ತೆರೆದು ಒಂದು ತಿಂಗಳಾಗುವಷ್ಟರಲ್ಲಿ ಮಕ್ಕಳಿರುವ ಮನೆಗಳಲ್ಲಿ ಗಂಟಲು ನೋವು ಒಂದು ಸುತ್ತು ಬಂದು ಹೋಗುತ್ತದೆ. ಆಗ ನಾವು ಮಾಡುವುದೇನು? ಮೊದಲ ದಿನ ಉಪ್ಪು ನೀರಿನಿಂದ ಬಾಯಿ ಮುಕ್ಕಳಿಸುವುದು, ಅರಶಿನ ಹಾಕಿದ ಹಾಲು, ಜೀರಿಗೆ-ಕಾಳುಮೆಣಸಿನ ಕಷಾಯ. ಎರಡನೆಯ ದಿನವೂ ಜ್ವರ ಇಳಿಯದಿದ್ದರೆ ಬೀದಿಯ ತುದಿಯ ಮೆಡಿಕಲ್ ಶಾಪ್. ವೈದ್ಯರ ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರಬಾರದೆಂಬ ಕಾನೂನು ಇದ್ದರೂ ಎಷ್ಟೋ ಅಂಗಡಿಗಳಲ್ಲಿ ಚೀಟಿ ಕೇಳುವವರಿಲ್ಲ. "ಕಳೆದ ಸಲ ಕೊಟ್ಟಿದ್ದಿರಲ್ಲ, ದಿನಕ್ಕೊಂದರಂತೆ ಮೂರು ದಿನ, ಅದನ್ನೇ ಕೊಡಿ" ಎಂದರೆ ಸಾಕು. ಮಗು ಎರಡು ಮೂರು ದಿನಗಳಲ್ಲಿ ಎದ್ದು ಓಡಾಡುತ್ತದೆ. ಮಾತ್ರೆಯಿಂದಲೇ ವಾಸಿಯಾಯಿತೆಂದು ನಾವೂ ನಂಬುತ್ತೇವೆ. ವಾಸ್ತವದಲ್ಲಿ ಆ ಮಕ್ಕಳಲ್ಲಿ ಹೆಚ್ಚಿನವರು ಮಾತ್ರೆ ನುಂಗದಿದ್ದರೂ ಅದೇ ದಿನ ಎದ್ದು ಓಡಾಡುತ್ತಿದ್ದರು. ಯಾಕೆಂದರೆ ಹೆಚ್ಚಿನ ಗಂಟಲು ನೋವು ಬರುವುದು ವೈರಸ್‌ನಿಂದ. ವೈರಸ್‌ಗೆ ಆಂಟಿಬಯೋಟಿಕ್ ನಾಟುವುದಿಲ್ಲ.

ಇದರ ಇನ್ನೊಂದು ಮುಖವನ್ನೂ ನೋಡಿ. ಇಪ್ಪತ್ತೆರಡು ಇಪ್ಪತ್ಮೂರರ ಹೆಣ್ಣುಮಗಳು. ಚೊಚ್ಚಲ ಗರ್ಭ, ಏಳನೆಯ ತಿಂಗಳು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟಿದಂತಾಗಿ ಎದ್ದು ಕೂರುತ್ತಾಳೆ. ಬಸುರಿಯರಿಗೆ ಇದೆಲ್ಲ ಸಹಜವೆಂದು ಮನೆಯ ಹಿರಿಯರು ಸಮಾಧಾನ ಹೇಳುತ್ತಾರೆ. ಕೊನೆಗೆ ಆಸ್ಪತ್ರೆಯಲ್ಲಿ ಎಕೋ ಮಾಡಿ ನೋಡಿದರೆ ಹೃದಯದ ಎಡಭಾಗದ ಕವಾಟ, ಅಂದರೆ ಮೈಟ್ರಲ್ ಕವಾಟ ಕಿರಿದಾಗಿಹೋಗಿದೆ. ಅದು ಕಿರಿದಾಗತೊಡಗಿದ್ದು ಗರ್ಭ ನಿಂತ ಮೇಲಲ್ಲ. ಅವಳು ಎಂಟೋ ಹತ್ತೋ ವರ್ಷದವಳಿದ್ದಾಗ ಬಂದುಹೋದ, ಯಾರಿಗೂ ಈಗ ನೆನಪಿಲ್ಲದ ಒಂದು ಗಂಟಲು ನೋವಿನ ನಂತರ. ಇದು ಯಾರೋ ಒಬ್ಬಳ ಕಥೆಯಲ್ಲ. ನಮ್ಮ ದೇಶದ ಹೃದ್ರೋಗ ತಜ್ಞರೆಲ್ಲರೂ ಇಂಥ ಹೆಣ್ಣುಮಕ್ಕಳನ್ನು ಕಂಡವರೇ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಬಲೂನಿನ ಸಹಾಯದಿಂದ ಇಂಥ ಕವಾಟಗಳನ್ನು ಹಿಗ್ಗಿಸುವ ಚಿಕಿತ್ಸೆ ದೊಡ್ಡ ಸಂಖ್ಯೆಯಲ್ಲಿ ನಡೆಯುತ್ತಾ ಬಂದಿದೆ. ಅದು ನಮ್ಮ ಭಾಗ್ಯ ನಿಜ. ಆದರೆ ಅಷ್ಟು ಜನರಿಗೆ ಅದರ ಅಗತ್ಯ ಬೀಳುತ್ತಿರುವುದೇ ದುಃಖದ ಸಂಗತಿ.

ಹಾಗಾದರೆ ಸಾವಿರ ಗಂಟಲು ನೋವುಗಳ ನಡುವೆ ಹೃದಯಕ್ಕೆ ಅಪಾಯ ತರಬಲ್ಲದ್ದು ಯಾವುದು, ಸುಮ್ಮನೆ ಬಿಟ್ಟರೂ ಹೋಗುವುದು ಯಾವುದು ಎಂದು ತಿಳಿಯುವುದು ಹೇಗೆ? ಈ ತಿಂಗಳು ನಾವು ಮಾತಾಡಬೇಕಾದ ಐದು ನಿಮಿಷದ ಪರೀಕ್ಷೆ ಹುಟ್ಟಿದ್ದು ಈ ಪ್ರಶ್ನೆಯಿಂದಲೇ.

ಅಪಾಯ ತರುವ ಬ್ಯಾಕ್ಟೀರಿಯಾದ ಹೆಸರು ಸ್ಟ್ರೆಪ್ಟೊಕಾಕಸ್. ಅದರಲ್ಲಿ ಹಲವು ಗುಂಪುಗಳಿವೆ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿದ್ದ ರೆಬೆಕಾ ಲಾನ್ಸ್‌ಫೀಲ್ಡ್ ಎಂಬ ಮಹಿಳಾ ವಿಜ್ಞಾನಿ 1933ರಲ್ಲಿ ಇವುಗಳ ಹೊರಕವಚದಲ್ಲಿರುವ ಸಕ್ಕರೆಯಂಥ ವಸ್ತುವಿನ ಆಧಾರದ ಮೇಲೆ ಎ, ಬಿ, ಸಿ ಎಂದು ಗುಂಪು ಮಾಡಿದರು. ಗಂಟಲಿಗೆ ಬಂದು ಸಂಧಿವಾತ ಜ್ವರಕ್ಕೆ ಕಾರಣವಾಗುವುದು 'ಎ' ಗುಂಪಿನದು. ಜನರ ಬಾಯಲ್ಲಿ ಅದಕ್ಕೆ ಚಿಕ್ಕದಾಗಿ 'ಸ್ಟ್ರೆಪ್' ಎನ್ನುತ್ತಾರೆ. ಗಂಟಲು ನೋವೆಂದು ವೈದ್ಯರ ಬಳಿಗೆ ಬರುವ ಮಕ್ಕಳಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಮಂದಿಗೆ ಸ್ಟ್ರೆಪ್ ಇರಬಹುದು. ದೊಡ್ಡವರಲ್ಲಿ ಐದರಿಂದ ಹದಿನೈದು ಮಂದಿಗೆ ಮಾತ್ರ. 5ರಿಂದ 15 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಮೂರು ವರ್ಷದೊಳಗಿನ ಕೂಸುಗಳಲ್ಲಿ ವಿರಳ.

ಇನ್ನು ಪರೀಕ್ಷೆಯ ವಿಷಯ. ಕೊರೊನಾ ಕಾಲದಲ್ಲಿ, 2020-21ರಲ್ಲಿ, ಮೂಗಿಗೆ ಕಡ್ಡಿ ಹಾಕಿ ಹದಿನೈದು ನಿಮಿಷದಲ್ಲಿ ಗೆರೆ ನೋಡಿ ಫಲಿತಾಂಶ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ಇದೂ ಅದೇ ಜಾತಿಯದು. ಇಲ್ಲಿ ಕಡ್ಡಿ ಹೋಗುವುದು ಗಂಟಲಿಗೆ. ವೈದ್ಯರು ಅಥವಾ ನರ್ಸ್ ಮಗುವಿನ ನಾಲಗೆಯನ್ನು ಚಪ್ಪಟೆ ಕಡ್ಡಿಯಿಂದ ಒತ್ತಿ ಹಿಡಿದು, ತುದಿಯಲ್ಲಿ ಮೃದುವಾದ ಎಳೆಯಿರುವ ಇನ್ನೊಂದು ಕಡ್ಡಿಯಿಂದ ಎರಡೂ ಟಾನ್ಸಿಲ್‌ಗಳನ್ನೂ ಗಂಟಲಿನ ಹಿಂಗೋಡೆಯನ್ನೂ ಚೆನ್ನಾಗಿ ಉಜ್ಜಿ ತೆಗೆಯುತ್ತಾರೆ. ನಂತರ ಅದನ್ನು ಎರಡು ದ್ರವಗಳ ಮಿಶ್ರಣದಲ್ಲಿ ಅದ್ದುತ್ತಾರೆ. ಆ ದ್ರವ ಬ್ಯಾಕ್ಟೀರಿಯಾದ ಕವಚದಿಂದ ಲಾನ್ಸ್‌ಫೀಲ್ಡ್ ಗುರುತಿಸಿದ ಅದೇ ವಸ್ತುವನ್ನು ಬಿಡಿಸುತ್ತದೆ. ಪಟ್ಟಿಯ ಮೇಲೆ ಅದನ್ನು ಹಿಡಿಯುವ ಪ್ರತಿಕಾಯಗಳಿರುತ್ತವೆ. ವಸ್ತು ಇದ್ದರೆ ಬಣ್ಣದ ಗೆರೆ ಮೂಡುತ್ತದೆ. ಒಟ್ಟು ಐದರಿಂದ ಹತ್ತು ನಿಮಿಷ. ರಕ್ತ ತೆಗೆಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ.

ಈ ಉಜ್ಜುವ ಕೆಲಸ ಸರಿಯಾಗಿ ಆಗಬೇಕು. ಪರೀಕ್ಷೆಯ ಅರ್ಧ ಗುಣ ಅದರಲ್ಲೇ ಇದೆ. ಕಡ್ಡಿ ನಾಲಗೆಗೋ ಕೆನ್ನೆಯ ಒಳಭಾಗಕ್ಕೋ ತಾಗಿ ಹೊರಬಂದರೆ ಬಂದ ಫಲಿತಾಂಶಕ್ಕೆ ಬೆಲೆ ಇಲ್ಲ. ಮಗುವಿಗೆ ಓಕರಿಕೆ ಬಂದೇ ಬರುತ್ತದೆ, ಅಳುತ್ತದೆ. ನೋಡಲಾಗದೆ "ಸಾಕು ಬಿಡಿ ಡಾಕ್ಟ್ರೇ" ಎನ್ನುವ ತಾಯಂದಿರಿದ್ದಾರೆ. ಅದರ ಬದಲು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒಂದು ಕೈಯಿಂದ ಅದರ ಎರಡೂ ಕೈಗಳನ್ನು ತಬ್ಬಿ, ಇನ್ನೊಂದು ಕೈಯಿಂದ ಹಣೆಯನ್ನು ನಿಮ್ಮ ಎದೆಗೆ ಒರಗಿಸಿ ಹಿಡಿದರೆ ಕೆಲವೇ ಸೆಕೆಂಡುಗಳಲ್ಲಿ ಕೆಲಸ ಮುಗಿಯುತ್ತದೆ. ಹೊಟ್ಟೆ ತುಂಬ ತಿನ್ನಿಸಿ ಕರೆದೊಯ್ಯಬೇಡಿ, ವಾಂತಿಯಾದೀತು. ಹೊರಡುವ ಮುಂಚೆ ರೋಗಾಣು ಕೊಲ್ಲುವ ಔಷಧಿಯಿಂದ ಬಾಯಿ ಮುಕ್ಕಳಿಸಬೇಡಿ. "ಸುಳ್ಳು ಹೇಳಬೇಡಿ, ನೋವೇ ಆಗುವುದಿಲ್ಲ ಎನ್ನಬೇಡಿ" ಎಂದೂ ಸೇರಿಸುತ್ತೇನೆ. ಸ್ವಲ್ಪ ಓಕರಿಕೆ ಬರುತ್ತದೆ, ಐದು ಎಣಿಸುವಷ್ಟರಲ್ಲಿ ಮುಗಿಯುತ್ತದೆ ಎಂದು ನಿಜ ಹೇಳಿದ ಮಗು ಮುಂದಿನ ಸಲವೂ ಬಾಯಿ ತೆರೆಯುತ್ತದೆ.

ಪಟ್ಟಿಯ ಮೇಲೆ ಎರಡು ಕಡೆ ಗೆರೆ ಬರಬಹುದು. ಒಂದು ಪಟ್ಟಿ ಸರಿಯಾಗಿ ಕೆಲಸ ಮಾಡಿದೆಯೆಂದು ತೋರಿಸುವ ಗೆರೆ. ಅದು ಬಾರದಿದ್ದರೆ ಪರೀಕ್ಷೆಯೇ ಆಗಿಲ್ಲವೆಂದು ಅರ್ಥ, ಇನ್ನೊಂದು ಪಟ್ಟಿಯಲ್ಲಿ ಮಾಡಬೇಕು. ಇನ್ನೊಂದು ಸ್ಟ್ರೆಪ್‌ನ ಗೆರೆ. ಅದು ತೆಳುವಾಗಿ ಮೂಡಿದರೂ ಇದೆ ಎಂದೇ ಲೆಕ್ಕ. ಆದರೆ ಕಿಟ್‌ನಲ್ಲಿ ಹೇಳಿದ ಸಮಯದೊಳಗೆ ನೋಡಬೇಕು. ಮೇಜಿನ ಮೇಲೆ ಮರೆತುಬಿಟ್ಟು ಅರ್ಧ ಗಂಟೆಯ ಮೇಲೆ ನೋಡಿದ ಗೆರೆಯನ್ನು ನಂಬುವಂತಿಲ್ಲ.

ಈಗ ಬಹಳ ಜನ ಕೇಳುವ ಪ್ರಶ್ನೆ: ಫಲಿತಾಂಶವನ್ನು ಎಷ್ಟು ನಂಬಬಹುದು? ಮಕ್ಕಳಲ್ಲಿ ನಡೆದ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2016ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ನಿಜವಾಗಿ ಸ್ಟ್ರೆಪ್ ಇರುವ ನೂರು ಮಕ್ಕಳಲ್ಲಿ ಸುಮಾರು 86 ಮಂದಿಯನ್ನು ಈ ಪರೀಕ್ಷೆ ಹಿಡಿಯುತ್ತದೆ. ಇಲ್ಲದ ನೂರು ಮಕ್ಕಳಲ್ಲಿ ಸುಮಾರು 95 ಮಂದಿಗೆ ಇಲ್ಲವೆಂದು ಸರಿಯಾಗಿ ಹೇಳುತ್ತದೆ. ಅಂಕಿಗಳು ಚೆನ್ನಾಗಿಯೇ ಇವೆ. ಆದರೆ ಅಲ್ಲಿಗೇ ನಿಲ್ಲಿಸದೆ ಸ್ವಲ್ಪ ಲೆಕ್ಕ ಹಾಕೋಣ.

ಗಂಟಲು ನೋವಿನ ನೂರು ಮಕ್ಕಳು ಬಂದರೆಂದು ಇಟ್ಟುಕೊಳ್ಳಿ. ಅವರಲ್ಲಿ 25 ಮಂದಿಗೆ ಸ್ಟ್ರೆಪ್ ಇದೆ. ಪರೀಕ್ಷೆ ಅವರಲ್ಲಿ 21 ಮಂದಿಯನ್ನು ಹಿಡಿದು ನಾಲ್ವರನ್ನು ಕೈಬಿಡುತ್ತದೆ. ಉಳಿದ 75 ಮಂದಿಯಲ್ಲಿ ಮೂರು ನಾಲ್ಕು ಮಂದಿಗೆ ಇಲ್ಲದ ಸ್ಟ್ರೆಪ್ ತೋರಿಸುತ್ತದೆ. ಅಂದರೆ 'ಇದೆ' ಎಂದು ಬಂದರೆ ಬಹುಮಟ್ಟಿಗೆ ನಂಬಬಹುದು. 'ಇಲ್ಲ' ಎಂದು ಬಂದ ಇಪ್ಪತ್ತು ಮಕ್ಕಳಲ್ಲಿ ಒಬ್ಬರಿಗೆ ಇದ್ದರೂ ಇರಬಹುದು. ಈಗ ಇನ್ನೊಂದು ಕ್ಲಿನಿಕ್ ನೋಡಿ. ಅಲ್ಲಿ ಮೂಗು ಸೋರುವ, ಕೆಮ್ಮುವ, ಬರೀ ಶೀತದ ಮಕ್ಕಳಿಗೆಲ್ಲ ಒಂದೇ ಸಮನೆ ಪರೀಕ್ಷೆ ಮಾಡುತ್ತಿದ್ದಾರೆ. ಅಂಥ ನೂರರಲ್ಲಿ ಸ್ಟ್ರೆಪ್ ಇರುವವರು ಐವರು ಮಾತ್ರ ಎಂದುಕೊಳ್ಳಿ. ಪರೀಕ್ಷೆ ನಾಲ್ವರನ್ನು ಸರಿಯಾಗಿ ಹಿಡಿಯುತ್ತದೆ, ಜೊತೆಗೆ ಇಲ್ಲದ ನಾಲ್ವರಿಗೂ ಇದೆ ಎನ್ನುತ್ತದೆ. ಬಂದ 'ಇದೆ'ಗಳಲ್ಲಿ ಅರ್ಧಕ್ಕರ್ಧ ಸುಳ್ಳು! ಪರೀಕ್ಷೆ ಅದೇ, ಕಿಟ್ ಅದೇ. ಯಾರಿಗೆ ಮಾಡಿದರು ಎಂಬುದರಿಂದ ಅದರ ಬೆಲೆ ಬದಲಾಯಿತು. ಎಲ್ಲ ಗಂಟಲಿಗೂ ಪರೀಕ್ಷೆ ಬೇಕೆಂದು ಹಟ ಹಿಡಿಯುವವರು ಇದನ್ನು ಗಮನಿಸಬೇಕು.

ಯಾರಿಗೆ ಮಾಡಬೇಕೆಂದು ವೈದ್ಯರು ನಿರ್ಧರಿಸುವುದು ಹೇಗೆ? ಅಮೆರಿಕದ ರಾಬರ್ಟ್ ಸೆಂಟರ್ ಎಂಬ ವೈದ್ಯರು 1981ರಲ್ಲಿ ನಾಲ್ಕು ಅಂಶಗಳ ಒಂದು ಸರಳ ಲೆಕ್ಕಾಚಾರ ಕೊಟ್ಟರು. ಜ್ವರ ಇದೆಯೇ, ಟಾನ್ಸಿಲ್ ಮೇಲೆ ಬಿಳಿ ಕೀವಿನ ಕಲೆಗಳಿವೆಯೇ, ಕುತ್ತಿಗೆಯ ಮುಂಭಾಗದ ಗ್ರಂಥಿಗಳು ಊದಿ ಮುಟ್ಟಿದರೆ ನೋಯುತ್ತವೆಯೇ, ಕೆಮ್ಮು ಇಲ್ಲವೇ. ಕೊನೆಯದನ್ನು ಗಮನಿಸಿದಿರಾ? ಕೆಮ್ಮು ಇಲ್ಲದಿರುವುದೇ ಇಲ್ಲಿ ಸಂಶಯಕ್ಕೆ ಕಾರಣ. ಕೆಮ್ಮು, ಸೋರುವ ಮೂಗು, ಒಡೆದ ಸ್ವರ, ಕೆಂಪಾದ ಕಣ್ಣು ಇದ್ದರೆ ಅದು ವೈರಸ್‌ನ ಲಕ್ಷಣ. ಕೆಮ್ಮಿಲ್ಲದೆ, ನೆಗಡಿಯಿಲ್ಲದೆ, ಬೆಳಿಗ್ಗೆ ಚೆನ್ನಾಗಿದ್ದ ಮಗುವಿಗೆ ಸಂಜೆಯೊಳಗೆ ಇದ್ದಕ್ಕಿದ್ದಂತೆ ಜ್ವರ ಏರಿ, ಉಗುಳು ನುಂಗಲೂ ನೋವೆಂದು ಅತ್ತರೆ ಸ್ಟ್ರೆಪ್ ನೆನಪಾಗಬೇಕು. ಮಕ್ಕಳಲ್ಲಿ ತಲೆನೋವು, ಹೊಟ್ಟೆನೋವು, ವಾಂತಿಯೂ ಜೊತೆಗೆ ಬರುವುದುಂಟು. ಕೆಲವರ ಮೈಮೇಲೆ ಮುಟ್ಟಿದರೆ ಮರಳು ಕಾಗದದಂತೆ ಒರಟಾದ ಕೆಂಪು ಗಂಧೆ ಏಳುತ್ತದೆ. ಹಾಗೆಂದು ಈ ಲಕ್ಷಣಗಳೆಲ್ಲ ಇದ್ದರೂ ಕಣ್ಣಲ್ಲಿ ನೋಡಿ ಖಚಿತ ಹೇಳುವುದು ಅನುಭವಿ ವೈದ್ಯರಿಗೂ ಕಷ್ಟ. ಪರೀಕ್ಷೆಯ ಉಪಯೋಗ ಆ ಸಂದರ್ಭದಲ್ಲಿಯೇ.

ಪರೀಕ್ಷೆಯಲ್ಲಿ 'ಇಲ್ಲ' ಎಂದು ಬಂದಿದೆ, ಲಕ್ಷಣ ನೋಡಿದರೆ ವೈದ್ಯರಿಗೆ ಸಂಶಯ ಹೋಗಿಲ್ಲ. ಆಗ ಮಕ್ಕಳಲ್ಲಿ ಎರಡನೆಯ ಪರೀಕ್ಷೆಯಾಗಿ ಗಂಟಲಿನ ಕಲ್ಚರ್ ಮಾಡಿಸುತ್ತಾರೆ. ಲ್ಯಾಬ್‌ನಲ್ಲಿ ಕುರಿಯ ರಕ್ತ ಸೇರಿಸಿದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಹಳೆಯ ಕ್ರಮ ಇದು. ಒಂದರಿಂದ ಎರಡು ದಿನ ಬೇಕು. ದೊಡ್ಡವರಲ್ಲಿ ಸಾಮಾನ್ಯವಾಗಿ ಇದರ ಅಗತ್ಯವಿಲ್ಲ. ಯಾಕೆಂದರೆ ಅವರಲ್ಲಿ ಸ್ಟ್ರೆಪ್ ಕಡಿಮೆ, ಮೊದಲ ಬಾರಿಗೆ ಸಂಧಿವಾತ ಜ್ವರ ಬರುವುದು ಇನ್ನೂ ಕಡಿಮೆ. ಕಲ್ಚರ್ ಫಲಿತಾಂಶ ಬರುವವರೆಗೆ ಕಾಯುವುದೆಂದರೆ ಹೆದರಬೇಕಾಗಿಲ್ಲ. ಗಂಟಲು ನೋವು ಶುರುವಾದ ಒಂಬತ್ತು ದಿನಗಳೊಳಗೆ ಸರಿಯಾದ ಔಷಧಿ ಶುರುವಾದರೂ ಸಂಧಿವಾತ ಜ್ವರವನ್ನು ತಡೆಯಬಹುದು. ಈ ವಿಷಯ ತಿಳಿದದ್ದು ಸೇನಾ ಶಿಬಿರವೊಂದರಿಂದ. ಅಮೆರಿಕದ ವಯೋಮಿಂಗ್‌ನ ಫೋರ್ಟ್ ವಾರನ್ ಸೇನಾ ನೆಲೆಯಲ್ಲಿ, ಒತ್ತೊತ್ತಾಗಿ ಮಲಗುತ್ತಿದ್ದ ಯುವ ಸೈನಿಕರಿಗೆ ಸ್ಟ್ರೆಪ್ ಹರಡಿ, ಔಷಧಿ ಸಿಗದವರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಸಂಧಿವಾತ ಜ್ವರ ಬರುತ್ತಿತ್ತು. 1940ರ ದಶಕದ ಕೊನೆಯಿಂದ ಅಲ್ಲಿ ನಡೆದ ಅಧ್ಯಯನಗಳಲ್ಲಿ ಪೆನ್ಸಿಲಿನ್ ಪಡೆದವರಲ್ಲಿ ಅದು ಬಹುಪಾಲು ನಿಂತಿತು. ತಡವಾಗಿ ಕೊಟ್ಟರೂ ಪ್ರಯೋಜನವಿದೆ ಎಂಬುದೂ ಅಲ್ಲಿಯೇ ಗೊತ್ತಾಯಿತು. ಆದ್ದರಿಂದ ರಾತ್ರಿ ಹನ್ನೊಂದಕ್ಕೆ ಗಂಟಲು ನೋವೆಂದು ಯಾವುದೋ ಮಾತ್ರೆಗೆ ಓಡಬೇಕಾಗಿಲ್ಲ. ಜ್ವರಕ್ಕೂ ನೋವಿಗೂ ಮಗುವಿನ ತೂಕಕ್ಕೆ ತಕ್ಕ ಪ್ಯಾರಸಿಟಮಾಲ್ ಕೊಟ್ಟು ಬೆಳಗಾಗುವವರೆಗೆ ಕಾಯಬಹುದು.

ಪರೀಕ್ಷೆಗೆ ಹೋಗುವ ಮುಂಚೆ ಉಳಿದಿದ್ದ ಹಳೆಯ ಆಂಟಿಬಯೋಟಿಕ್ ಒಂದೆರಡು ಮಾತ್ರೆ ಕೊಟ್ಟಿದ್ದೀರಾ? ಹಾಗಿದ್ದರೆ ಅದನ್ನು ವೈದ್ಯರಿಗೆ ಮುಚ್ಚಿಡಬೇಡಿ. ಬೈಸಿಕೊಳ್ಳಬೇಕಾಗಬಹುದು, ಪರವಾಗಿಲ್ಲ. ಆ ಒಂದೆರಡು ಮಾತ್ರೆ ಬ್ಯಾಕ್ಟೀರಿಯಾವನ್ನು ಪೂರ್ತಿ ಕೊಲ್ಲದೆ ಸಂಖ್ಯೆ ತಗ್ಗಿಸಿರುತ್ತದೆ. ಪರೀಕ್ಷೆಯಲ್ಲೂ ಕಲ್ಚರ್‌ನಲ್ಲೂ 'ಇಲ್ಲ' ಎಂದು ಬಂದು ವೈದ್ಯರಿಗೂ ದಾರಿ ತಪ್ಪುತ್ತದೆ.

ಇನ್ನೊಂದು ವಿಚಿತ್ರ ಸಂಗತಿಯೂ ಇದೆ. ಆರೋಗ್ಯವಾಗಿ ಓಡಾಡುವ ಶಾಲಾ ಮಕ್ಕಳಲ್ಲಿ ಹತ್ತರಲ್ಲಿ ಒಬ್ಬರ ಗಂಟಲಲ್ಲಿ ಸ್ಟ್ರೆಪ್ ಸುಮ್ಮನೆ ಮನೆ ಮಾಡಿಕೊಂಡಿರಬಹುದು. ಅವರಿಗೆ ಅದು ತೊಂದರೆ ಕೊಡುವುದಿಲ್ಲ, ಇತರರಿಗೆ ಹರಡುವುದೂ ಕಡಿಮೆ. ಇಂಥ ಮಗುವಿಗೆ ವೈರಸ್‌ನಿಂದ ಗಂಟಲು ನೋವು ಬಂದಾಗ ಪರೀಕ್ಷೆ ಮಾಡಿದರೆ 'ಇದೆ' ಎಂದೇ ಬರುತ್ತದೆ. ತಿಂಗಳಿಗೊಮ್ಮೆ ಗಂಟಲು ನೋವು, ಪ್ರತಿ ಸಲವೂ ಪರೀಕ್ಷೆಯಲ್ಲಿ ಇದೆ, ಪ್ರತಿ ಸಲವೂ ಆಂಟಿಬಯೋಟಿಕ್ ಎಂದು ಅಲೆಯುವ ಮನೆಗಳಲ್ಲಿ ಹಲವು ಬಾರಿ ಕಥೆ ಇದೇ. ಅದೇ ಕಾರಣಕ್ಕೆ ಔಷಧಿ ಮುಗಿಸಿ ಚೇತರಿಸಿಕೊಂಡ ಮಗುವಿಗೆ "ಪೂರ್ತಿ ಹೋಗಿದೆಯೇ ನೋಡೋಣ" ಎಂದು ಮತ್ತೆ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ. ಸತ್ತ ಬ್ಯಾಕ್ಟೀರಿಯಾದ ಚೂರುಗಳೂ ಗೆರೆ ಮೂಡಿಸಬಲ್ಲವು. ಮನೆಯಲ್ಲಿ ಒಬ್ಬರಿಗೆ ಬಂತೆಂದು ಲಕ್ಷಣವಿಲ್ಲದ ಅಣ್ಣ ತಮ್ಮಂದಿರನ್ನೆಲ್ಲ ಸಾಲಾಗಿ ನಿಲ್ಲಿಸಿ ಪರೀಕ್ಷಿಸುವುದೂ ಬೇಡ. ಆದರೆ ಆ ಮನೆಯಲ್ಲಿ ಹಿಂದೆ ಸಂಧಿವಾತ ಜ್ವರ ಬಂದ ಯಾರಾದರೂ ಇದ್ದರೆ ಮಾತ್ರ ವೈದ್ಯರ ಲೆಕ್ಕಾಚಾರ ಬೇರೆ. ಅದನ್ನು ನೀವಾಗಿ ಹೇಳಬೇಕು.

ನಮ್ಮ ಕಡೆ ಈ ಐದು ನಿಮಿಷದ ಪರೀಕ್ಷೆಗಿಂತ ಹೆಚ್ಚು ಪ್ರಚಾರದಲ್ಲಿರುವುದು ಎ.ಎಸ್.ಓ. ಎಂಬ ರಕ್ತ ಪರೀಕ್ಷೆ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಯಾಕೆಂದರೆ ಇದರಿಂದ ಆಗುತ್ತಿರುವ ಗೊಂದಲ ಸಣ್ಣದಲ್ಲ. ಎ.ಎಸ್.ಓ. ಪರೀಕ್ಷೆ ಗಂಟಲಲ್ಲಿ ಈಗ ಸ್ಟ್ರೆಪ್ ಇದೆಯೇ ಎಂದು ಹೇಳುವುದಿಲ್ಲ. ಇತ್ತೀಚೆಗೆ ಎಂದೋ ಸ್ಟ್ರೆಪ್ ಬಂದು ಹೋಗಿತ್ತು, ದೇಹ ಅದರ ವಿರುದ್ಧ ಹೋರಾಡಿತ್ತು ಎಂದಷ್ಟೇ ಹೇಳುತ್ತದೆ. ಸೋಂಕು ತಗಲಿ ಒಂದು ವಾರ ಕಳೆದ ಮೇಲೆ ಅದರ ಮಟ್ಟ ಏರತೊಡಗಿ, ಮೂರರಿಂದ ಐದು ವಾರಗಳಲ್ಲಿ ತುದಿ ಮುಟ್ಟಿ, ನಂತರ ತಿಂಗಳುಗಟ್ಟಲೆ ಉಳಿಯಬಹುದು. ಇವತ್ತು ಗಂಟಲು ನೋಯುವ ಮಗುವಿಗೆ ಇವತ್ತೇ ಎ.ಎಸ್.ಓ. ಮಾಡಿಸಿದರೆ ಪ್ರಯೋಜನವಿಲ್ಲ. ಸಂಧಿವಾತ ಜ್ವರದ ಲಕ್ಷಣಗಳಿರುವ ಮಗುವಿನಲ್ಲಿ, ಹಿಂದೆ ಸ್ಟ್ರೆಪ್ ಬಂದಿತ್ತು ಎಂಬುದಕ್ಕೆ ಸಾಕ್ಷಿಯಾಗಿ ಅದು ಬೇಕು. ಅಷ್ಟೇ ಅದರ ಜಾಗ.

ಆಗುತ್ತಿರುವುದೇನು? ಆಟವಾಡಿ ದಣಿದು ರಾತ್ರಿ ಕಾಲು ನೋವೆನ್ನುವ ಮಗುವಿಗೆ ಎ.ಎಸ್.ಓ. ಮಾಡಿಸುತ್ತಾರೆ. ಶಾಲೆಗೆ ಹೋಗುವ ವಯಸ್ಸಿನ ಎಷ್ಟೋ ಆರೋಗ್ಯವಂತ ಮಕ್ಕಳಲ್ಲಿ ಈ ಮಟ್ಟ ಲ್ಯಾಬ್‌ನವರು ಅಚ್ಚು ಹಾಕಿದ 200ರ ಗೆರೆ ದಾಟಿರುತ್ತದೆ. ವರದಿಯಲ್ಲಿ ದಪ್ಪಕ್ಷರದಲ್ಲಿ 'ಹೆಚ್ಚು' ಎಂದು ಕಂಡೊಡನೆ ಮನೆಯವರ ಜೀವ ಹಾರಿಹೋಗುತ್ತದೆ. ಎಕೋ ಮಾಡಿಸದೆ, ಸರಿಯಾಗಿ ಪರೀಕ್ಷಿಸದೆ, ಬರೀ ಈ ಒಂದು ಸಂಖ್ಯೆಯ ಮೇಲೆ ಮೂರು ವಾರಕ್ಕೊಂದು ಪೆನ್ಸಿಲಿನ್ ಚುಚ್ಚುಮದ್ದು ಶುರುವಾದದ್ದೂ ಉಂಟು. ಆ ಚುಚ್ಚುಮದ್ದಿನ ನೋವು ಪಡೆದವರಿಗೇ ಗೊತ್ತು. ನಿಮ್ಮ ಮಗುವಿಗೆ ಹೀಗೆ ಹೇಳಿದ್ದರೆ "ಸಂಧಿವಾತ ಜ್ವರದ ಯಾವ ಲಕ್ಷಣ ಇದೆ? ಎಕೋದಲ್ಲಿ ಏನಿದೆ?" ಎಂದು ವಿನಯದಿಂದ ಕೇಳಿ. ಅನುಮಾನ ಉಳಿದರೆ ಮಕ್ಕಳ ತಜ್ಞರನ್ನೋ ಹೃದ್ರೋಗ ತಜ್ಞರನ್ನೋ ಕಾಣಿ. ಇದನ್ನು ಓದಿ, ನಿಜವಾಗಿ ಸಂಧಿವಾತ ಜ್ವರ ಬಂದು ಚುಚ್ಚುಮದ್ದು ಪಡೆಯುತ್ತಿರುವ ಮಗುವಿನದ್ದನ್ನು ನಿಲ್ಲಿಸಿಬಿಡಬೇಡಿ! ಅವರಿಗೆ ಅದು ಹೃದಯದ ರಕ್ಷಣೆ. ಒಂದು ಸಲ ಬಂದವರಿಗೆ ಮತ್ತೆ ಸ್ಟ್ರೆಪ್ ತಗಲಿದರೆ ಕವಾಟ ಇನ್ನಷ್ಟು ಕೆಡುತ್ತದೆ. ಆದ್ದರಿಂದಲೇ ವರ್ಷಗಟ್ಟಲೆ ಚುಚ್ಚುಮದ್ದು. ಮದುವೆ ಗೊತ್ತಾದೊಡನೆ "ಹುಡುಗನ ಕಡೆಯವರಿಗೆ ತಿಳಿದರೆ" ಎಂಬ ಅಂಜಿಕೆಯಿಂದ ಹೆಣ್ಣುಮಗಳ ಚುಚ್ಚುಮದ್ದು ನಿಲ್ಲಿಸುವವರಿದ್ದಾರೆ. ಮೊದಲು ಹೇಳಿದ ಏಳನೆಯ ತಿಂಗಳ ಏದುಸಿರು ಕೆಲವೊಮ್ಮೆ ಇಂಥ ಮನೆಗಳಿಂದಲೇ ಬರುತ್ತದೆ.

ಸಂಧಿವಾತ ಜ್ವರದ ಲಕ್ಷಣ ಯಾವುವು ಎಂದು ಕೇಳುತ್ತೀರಿ. ಗಂಟಲು ನೋವು ಹೋಗಿ ಎರಡು ಮೂರು ವಾರಗಳ ನಂತರ ಜ್ವರ, ಮೊಣಕಾಲು, ಹರಡು, ಮೊಣಕೈಯಂಥ ದೊಡ್ಡ ಕೀಲುಗಳಲ್ಲಿ ಬಾವು ನೋವು. ಇಂದು ಒಂದು ಕೀಲು, ನಾಳೆ ಇನ್ನೊಂದು, ಹೀಗೆ ಜಾಗ ಬದಲಿಸುತ್ತದೆ. ಏದುಸಿರು, ಎದೆ ಬಡಿತ ಬರಬಹುದು. ಕೆಲವು ಮಕ್ಕಳಲ್ಲಿ, ಹೆಚ್ಚಾಗಿ ಹೆಣ್ಣುಮಕ್ಕಳಲ್ಲಿ, ಕೈಕಾಲು ತಾವಾಗಿಯೇ ಚಡಪಡಿಸಿ, ಕೈಯಲ್ಲಿದ್ದ ಲೋಟ ಜಾರಿ ಬಿದ್ದು, ಅಕ್ಷರ ಹದಗೆಡುತ್ತದೆ. ತುಂಟತನವೆಂದು ಹೊಡೆಯಬೇಡಿ, ವೈದ್ಯರಿಗೆ ತೋರಿಸಿ. ಮೂತ್ರಪಿಂಡಕ್ಕೆ ತೊಂದರೆಯಾದರೆ ಮುಖ ಊದಿಕೊಂಡು, ಮೂತ್ರ ಚಹಾ ಡಿಕಾಕ್ಷನ್‌ನಂತೆ ಕಪ್ಪಾಗುತ್ತದೆ.

ಇನ್ನು ಔಷಧಿ. ಪರೀಕ್ಷೆಯಲ್ಲಿ ಸ್ಟ್ರೆಪ್ ಇದೆಯೆಂದು ಬಂದರೆ ಇಂದಿಗೂ ಮೊದಲ ಆಯ್ಕೆ ಪೆನ್ಸಿಲಿನ್ ಅಥವಾ ಅದರ ಸಂಬಂಧಿ ಅಮಾಕ್ಸಿಸಿಲಿನ್. ಪೆನ್ಸಿಲಿನ್ ಬಳಕೆಗೆ ಬಂದು ಎಂಬತ್ತು ವರ್ಷ ದಾಟಿದರೂ 'ಎ' ಗುಂಪಿನ ಸ್ಟ್ರೆಪ್ ಅದರ ಮುಂದೆ ಸೋಲುತ್ತಲೇ ಇದೆ. ಹೊಸ ಹೊಸ ದುಬಾರಿ ಔಷಧಿಗಳ ಕಾಲದಲ್ಲಿ ಇದೊಂದು ಅಪರೂಪದ ಸಮಾಚಾರ. ಆದರೆ ನಮ್ಮಲ್ಲಿ ಹಂಚಿ ತಿನ್ನುವ ಆ ಮೂರು ದಿನದ ಅಝಿತ್ರೋಮೈಸಿನ್ ಮಾತ್ರೆಗೆ ಬಗ್ಗದ ಸ್ಟ್ರೆಪ್ ತಳಿಗಳು ಲೋಕದ ಎಲ್ಲೆಡೆ ಕಂಡುಬಂದಿವೆ. ಅದು ಪೆನ್ಸಿಲಿನ್ ಅಲರ್ಜಿ ಇರುವವರಿಗಾಗಿ ಎತ್ತಿಡಬೇಕಾದದ್ದು. ಬಾಯಿಯ ಔಷಧಿಯಾದರೆ ಪೆನ್ಸಿಲಿನ್, ಅಮಾಕ್ಸಿಸಿಲಿನ್ ಹತ್ತು ದಿನ. ಮೂರನೆಯ ದಿನ ಜ್ವರ ಬಿಟ್ಟು ಮಗು ಜಿಗಿದಾಡಿದರೂ ಹತ್ತೂ ದಿನ. ಅಷ್ಟು ದಿನ ಕೊಡಲು ಸಾಧ್ಯವಿಲ್ಲದ ಮನೆಯಾದರೆ ಬೆಂಝಥೈನ್ ಪೆನ್ಸಿಲಿನ್‌ನ ಒಂದೇ ಚುಚ್ಚುಮದ್ದು ಆ ಕೆಲಸ ಮಾಡುತ್ತದೆ. ಅಲರ್ಜಿಯ ಭಯದಿಂದ ಕೆಲವು ಕ್ಲಿನಿಕ್‌ಗಳಲ್ಲಿ ಅದನ್ನು ಕೊಡಲು ಹಿಂಜರಿಯುತ್ತಾರೆ. ಹಿಂದೆ ಯಾವುದಾದರೂ ಔಷಧಿಗೆ ಮೈಯೆಲ್ಲ ದದ್ದು ಎದ್ದು, ಮುಖ ಊದಿ, ಉಸಿರು ಕಟ್ಟಿದ್ದರೆ ಆ ಔಷಧಿಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಪರ್ಸ್‌ನಲ್ಲಿಟ್ಟುಕೊಳ್ಳಿ. ರಮಝಾನ್‌ನಲ್ಲಿ ದೊಡ್ಡವರಿಗೆ ಈ ರೋಗ ಬಂದರೆ ಒಂದು ಮಾತು: ಅಮಾಕ್ಸಿಸಿಲಿನ್ ದಿನಕ್ಕೆ ಒಂದೋ ಎರಡೋ ಬಾರಿಯ ಲೆಕ್ಕದಲ್ಲಿ ಕೊಡಲು ಬರುತ್ತದೆ, ಸಹರಿ ಮತ್ತು ಇಫ್ತಾರ್‌ಗೆ ಹೊಂದಿಸಲು ಸಾಧ್ಯವೇ ಎಂದು ವೈದ್ಯರಲ್ಲಿ ಕೇಳಿ. ನಡುವಿನ ಡೋಸನ್ನು ನೀವಾಗಿ ಬಿಟ್ಟುಬಿಡಬೇಡಿ. ಜ್ವರದಲ್ಲಿ ನರಳುವವರಿಗೆ ಉಪವಾಸದಿಂದ ಕೊಟ್ಟಿರುವ ರಿಯಾಯಿತಿ ಎಲ್ಲರಿಗೂ ತಿಳಿದದ್ದೇ.

ಗಲ್ಫ್‌ನಲ್ಲೋ ಅಮೆರಿಕದಲ್ಲೋ ಇರುವ ಮಗಳು ಫೋನ್ ಮಾಡಿ, "ಇಲ್ಲಿ ಡಾಕ್ಟರ್ ಗಂಟಲಿಗೆ ಕಡ್ಡಿ ಹಾಕಿ ಐದೇ ನಿಮಿಷದಲ್ಲಿ ಹೇಳಿದರು, ಊರಲ್ಲಿ ಯಾಕೆ ಮಾಡುವುದಿಲ್ಲ?" ಎಂದು ಕೇಳಬಹುದು. ಅಮೆರಿಕದಲ್ಲಿ ಇದು ದಿನನಿತ್ಯದ ಪರೀಕ್ಷೆ. ಎಲ್ಲ ದೇಶಗಳೂ ಹಾಗೆಯೇ ಎಂದುಕೊಳ್ಳಬೇಡಿ. ಇಂಗ್ಲೆಂಡಿನ ಸರಕಾರಿ ಸಲಹಾ ಸಂಸ್ಥೆ ನೈಸ್ 2019ರಲ್ಲಿ ಗಂಟಲು ನೋವಿಗೆ ಇದನ್ನು ವಾಡಿಕೆಯಾಗಿ ಬಳಸಬೇಕಿಲ್ಲವೆಂದಿತು. ಪಕ್ಕದ ವೇಲ್ಸ್‌ನಲ್ಲಿ ಔಷಧಿ ಅಂಗಡಿಗಳಲ್ಲೇ ತರಬೇತಿ ಪಡೆದ ಫಾರ್ಮಸಿಸ್ಟರು ಈ ಪರೀಕ್ಷೆ ಮಾಡುವ ವ್ಯವಸ್ಥೆ 2018ರಿಂದ ಬಂದಿದೆ. ಸಂಧಿವಾತ ಜ್ವರ ಬಹುತೇಕ ಮಾಯವಾದ ದೇಶಗಳ ಲೆಕ್ಕಾಚಾರ ಬೇರೆ, ಅದಿನ್ನೂ ಉಳಿದಿರುವ ನಮ್ಮ ಲೆಕ್ಕಾಚಾರ ಬೇರೆ. ನಿಜ ಹೇಳಬೇಕೆಂದರೆ ಇದು ಎಲ್ಲಿಗಿಂತ ಹೆಚ್ಚು ಬೇಕಾಗಿರುವುದು ನಮ್ಮಂಥ ಕಡೆ, ಸಿಗುವುದು ಮಾತ್ರ ಕೆಲವು ನಗರದ ಆಸ್ಪತ್ರೆಗಳಲ್ಲಿ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಸಂಧಿವಾತ ಹೃದ್ರೋಗದ ಬಗ್ಗೆ ಠರಾವು ಮಾಡಿತು. ನಮ್ಮ ತಾಲೂಕು ಆಸ್ಪತ್ರೆಗಳ ಮೇಜಿನ ಮೇಲೆ ಈ ಪಟ್ಟಿಗಳು ಬರುವವರೆಗೆ ಆ ಠರಾವಿನಿಂದ ನಮಗಾಗುವ ಲಾಭ ಅಷ್ಟಕ್ಕಷ್ಟೇ. ಪರೀಕ್ಷೆ ಇಲ್ಲದ ಊರಿನಲ್ಲಿ ಅನುಭವಿ ವೈದ್ಯರು ಲಕ್ಷಣಗಳನ್ನು ತೂಗಿ ನೋಡಿ ಪೆನ್ಸಿಲಿನ್ ಕೊಡುವುದು ತಪ್ಪೇನೂ ಅಲ್ಲ. ಮೆಡಿಕಲ್ ಶಾಪಿನ ಹುಡುಗ ಕೊಡುವುದು ಬೇರೆ ಮಾತು. ಬ್ಯಾಕ್ಟೀರಿಯಾದ ವಂಶವಾಹಿಯನ್ನೇ ಗುರುತಿಸುವ ಇನ್ನೂ ನಿಖರವಾದ ಯಂತ್ರಗಳೂ ಬಂದಿವೆ. ಆದರೆ ದುಬಾರಿ.

ಯಾವ ಗಂಟಲು ನೋವಿನಲ್ಲಿ ಪರೀಕ್ಷೆಗೂ ಕಾಯದೆ ದೊಡ್ಡಾಸ್ಪತ್ರೆಗೆ ಓಡಬೇಕು ಎಂಬುದನ್ನು ಮಾತ್ರ ಮರೆಯಬೇಡಿ. ಮಗು ಉಗುಳು ನುಂಗಲಾರದೆ ಜೊಲ್ಲು ಸುರಿಸುತ್ತಿದ್ದರೆ, ಉಸಿರೆಳೆದಾಗ ಗೊರ್ ಎಂಬ ಸದ್ದು ಬರುತ್ತಿದ್ದರೆ, ಬಾಯಿ ತೆರೆಯಲಾಗದಿದ್ದರೆ, ಕುತ್ತಿಗೆ ಒಂದು ಕಡೆ ಊದಿ ಸ್ವರ ಗೊಗ್ಗರಾದರೆ, ನೀರೂ ಇಳಿಯದಿದ್ದರೆ ತಡಮಾಡಬಾರದು. ಟಾನ್ಸಿಲ್ ಮೇಲೆ ಕೆರೆದರೆ ರಕ್ತ ಒಸರುವ ಬೂದು ಬಣ್ಣದ ಪೊರೆ ಕಂಡರೆ ಅದು ಗಂಟಲಮಾರಿ, ಡಿಫ್ತೀರಿಯಾ ಇರಬಹುದು. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಈಚಿನ ವರ್ಷಗಳಲ್ಲೂ ಇದರ ವರದಿಗಳು ಬಂದಿವೆ. ಸ್ಟ್ರೆಪ್ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ. ಅಲ್ಲಿ 'ಇಲ್ಲ' ಎಂದು ಬಂದಿತೆಂದು ಸಮಾಧಾನಪಟ್ಟು ಮನೆಗೆ ಹೋದರೆ ಜೀವಕ್ಕೇ ಅಪಾಯ. ನಿಮ್ಮ ಮಗುವಿನ ಲಸಿಕೆಯ ಕಾರ್ಡನ್ನು ಒಮ್ಮೆ ತೆರೆದು, ಐದು ವರ್ಷದ ಬೂಸ್ಟರ್ ಆಗಿದೆಯೇ ನೋಡಿ.

ಸ್ಟ್ರೆಪ್ ಖಚಿತವಾಗಿ ಔಷಧಿ ಶುರುವಾದ ಮಗುವನ್ನು ಮಾರನೆಯ ದಿನದವರೆಗೆ ಮನೆಯಲ್ಲಿರಿಸಿ. ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಕಳೆದು, ಜ್ವರವೂ ಬಿಟ್ಟಿದ್ದರೆ ಶಾಲೆಗೆ, ಮದ್ರಸಕ್ಕೆ ಕಳುಹಿಸಬಹುದು. ಅಷ್ಟರವರೆಗೆ ಅದರ ಲೋಟ, ಚಮಚ ಬೇರೆ ಇರಲಿ. ಮದ್ರಸದ ನೀರಿನ ಕೊಡಪಾನದ ಪಕ್ಕ ಒಂದೇ ಲೋಟ ಇಟ್ಟಿದ್ದರೆ ಉಸ್ತಾದರಿಗೆ ಹೇಳಿ, ಮಕ್ಕಳು ಅವರವರ ಬಾಟಲಿಯಲ್ಲಿ ನೀರು ತರುವಂತೆ ಮಾಡಬಹುದು.